ಅಪರೂಪದ್ದನ್ನು ಹುಡುಕುವ ಕಣ್ಣು

ವಿದೇಶದಲ್ಲಿ ನೆಲೆಸಿದ ಮಕ್ಕಳನ್ನು ಕಾಣಲು ಹೊರಡುವ ತಂದೆತಾಯಿಗಳು ಈಗ ನಮ್ಮಲ್ಲಿ ಅನೇಕರಿದ್ದಾರೆ. ಮರಳಿ ಬಂದವರು ಆಡುವ ದೂರುಗಳಲ್ಲಿ ಒಂದು ಸಾಮಾನ್ಯವಾದುದು: ವಿಮಾನ ನಿಲ್ದಾಣದಲ್ಲಿ ಕೈಚೀಲವನ್ನು ತಡೆದು, ಶೇಂಗಾ ಚಟ್ನಿಪುಡಿಯ ಪೊಟ್ಟಣವನ್ನೂ ಬಿಚ್ಚಿಸಿ ನೋಡಿದರಂತೆ! ಪರದೆಯ ಮುಂದೆ ಕುಳಿತವರಿಗೆ ಅಷ್ಟೂ ತಿಳಿಯದೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಆದರೆ ಆ ಪೀಠದಲ್ಲಿ ಕುಳಿತವರ ಕಷ್ಟವನ್ನೂ ವಾಚಕರು ತುಸು ವಿಚಾರಿಸಬೇಕು.

ಕ್ಷ-ಕಿರಣ ಯಂತ್ರವು ಚೀಲದೊಳಗಿನ ವಸ್ತುವಿನ ಹೆಸರನ್ನು ಹೇಳುವುದಿಲ್ಲ. ಎರಡು ಬಗೆಯ ಶಕ್ತಿಯ ಕಿರಣಗಳನ್ನು ಯಾವ ವಸ್ತು ಎಷ್ಟೆಷ್ಟು ಹೀರಿತೆಂಬುದನ್ನು ಅಳೆದು, ಅದಕ್ಕೊಂದು ಬಣ್ಣವನ್ನು ಕೊಡುತ್ತದೆ, ಅಷ್ಟೆ. ಆಹಾರ, ಬಟ್ಟೆ, ಕಾಗದಗಳಂತಹ ಸಾವಯವ ವಸ್ತುಗಳಿಗೆ ಕಿತ್ತಳೆ ಬಣ್ಣ, ಕಬ್ಬಿಣ, ಉಕ್ಕುಗಳಿಗೆ ನೀಲಿ, ನಡುವಿನವುಗಳಿಗೆ ಹಸಿರು. ಬಹುಪಾಲು ಸ್ಫೋಟಕಗಳೂ ಸಾವಯವ ಸಂಯುಕ್ತಗಳೇ ಆದುದರಿಂದ ಅವೂ ಕಿತ್ತಳೆಯಾಗಿಯೇ ತೋರುತ್ತವೆ. ಚಟ್ನಿಪುಡಿಯನ್ನು ಬಿಚ್ಚಿಸಿದವರು ಮೂಢರಲ್ಲ. ಇನ್ನು ಅಗಲವಾಗಿ ಮಲಗಿದ ಚೂರಿಯನ್ನು ಮಗುವೂ ಗುರುತಿಸೀತು. ಅದೇ ಚೂರಿ ಅಂಚಿನ ಮೇಲೆ ನಿಂತಿದ್ದರೆ ಪರದೆಯ ಮೇಲೆ ಬರಿಯ ಒಂದು ಗೆರೆ.

ಇದೆಲ್ಲ ತರಬೇತಿಯಿಂದ ನೀಗಬಹುದಾದ ತೊಡಕು. ಅದಕ್ಕಿಂತ ಆಳವಾದ ತೊಡಕು ಮನುಷ್ಯನ ಮನಸ್ಸಿನಲ್ಲಿಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ಜಲಾಂತರ್ಗಾಮಿಗಳಿಗಾಗಿ ರಾಡಾರ್ ಪರದೆಯನ್ನು ಕಾಯುತ್ತಿದ್ದ ಬ್ರಿಟಿಷ್ ಸೈನಿಕರು ಕಾಣಬೇಕಾದುದನ್ನು ಕಾಣದೆ ಹೋಗುತ್ತಿದ್ದರು. ಕಾರಣವನ್ನು ಅರಸಿದ ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಗಡಿಯಾರದಂತಹ ಒಂದು ಫಲಕವನ್ನು ರೂಪಿಸಿದರು. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತಿತ್ತು. ಎಲ್ಲೋ ಒಮ್ಮೊಮ್ಮೆ ಎರಡು ಹೆಜ್ಜೆಯಷ್ಟು ಜಿಗಿಯುತ್ತಿತ್ತು. ಆ ಜಿಗಿತವನ್ನು ಗುರುತಿಸುವುದಷ್ಟೇ ಕೆಲಸ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನೋಡುವವರ ಎಚ್ಚರ ಸ್ಪಷ್ಟವಾಗಿ ಕುಗ್ಗಿತೆಂದು ಅವರು 1948ರಲ್ಲಿ ಪ್ರಕಟಿಸಿದರು.

2005ರಲ್ಲಿ ಅಮೆರಿಕದ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಇನ್ನೂ ಕಣ್ತೆರೆಸುವಂತಹುದು. ವಸ್ತುಗಳು ಒಂದರ ಮೇಲೊಂದು ಬಿದ್ದ ಚಿತ್ರಗಳಲ್ಲಿ ಒಂದು ಉಪಕರಣವನ್ನು ಹುಡುಕಲು ಹೇಳಿದರು. ಅರ್ಧದಷ್ಟು ಚಿತ್ರಗಳಲ್ಲಿ ಅದು ಇದ್ದಾಗ ಜನರು ತಪ್ಪಿಸಿಕೊಂಡದ್ದು ಶೇಕಡ 7 ಮಾತ್ರ. ಹತ್ತರಲ್ಲೊಂದು ಚಿತ್ರದಲ್ಲಿದ್ದಾಗ ಶೇಕಡ 16. ನೂರರಲ್ಲೊಂದರಲ್ಲಿ ಮಾತ್ರ ಇದ್ದಾಗ ಶೇಕಡ 30! ವಸ್ತು ಅದೇ, ಕಣ್ಣು ಅದೇ. ಅಪರೂಪವಾದುದರಿಂದಲೇ ಅದು ಕಾಣದಾಯಿತು. ‘ಇಲ್ಲ, ಇಲ್ಲ’ ಎಂದು ಪದೇ ಪದೇ ಹೇಳಿದ ಮನಸ್ಸು ಇದ್ದಾಗಲೂ ‘ಇಲ್ಲ’ ಎಂದುಬಿಡುತ್ತದೆ. ನಿಲ್ದಾಣದ ತಪಾಸಕರೂ ಇದಕ್ಕೆ ಹೊರತಲ್ಲವೆಂಬುದು 2013ರ ಅಧ್ಯಯನದಿಂದ ತಿಳಿದುಬಂದಿತು. ನಿಜವಾದ ಬಾಂಬಾದರೋ ನೂರರಲ್ಲೊಂದು ಚೀಲದಲ್ಲಿರುವುದಲ್ಲ. ಎಷ್ಟೋ ತಪಾಸಕರು ತಮ್ಮ ಸೇವಾವಧಿಯಲ್ಲಿ ಒಂದನ್ನೂ ಕಾಣದೆ ನಿವೃತ್ತರಾಗಬಹುದು.

ತಪಾಸಣೆ ಸಡಿಲಾದರೆ ತೆರಬೇಕಾದ ಬೆಲೆಯನ್ನು ನಮ್ಮ ದೇಶ ಬಲ್ಲದು. 1985ರ ಜೂನ್‌ನಲ್ಲಿ ಏರ್ ಇಂಡಿಯಾದ ‘ಕನಿಷ್ಕ’ ವಿಮಾನಕ್ಕೆ ಟೊರಾಂಟೊದಲ್ಲಿ ಸಾಮಾನು ಏರಿಸುವಾಗ ಕ್ಷ-ಕಿರಣ ಯಂತ್ರ ನಡುವೆಯೇ ಕೆಟ್ಟುನಿಂತಿತು. ಉಳಿದ ಚೀಲಗಳನ್ನು ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣದಿಂದ ಪರೀಕ್ಷಿಸಿ ಕಳುಹಿಸಿದರು. ಅಟ್ಲಾಂಟಿಕ್ ಸಾಗರದ ಮೇಲೆ ವಿಮಾನ ಸಿಡಿದು 329 ಜನ ಮಡಿದರು.

ಮನಸ್ಸಿನ ಈ ದೌರ್ಬಲ್ಯಕ್ಕೆ ತಜ್ಞರು ಕಂಡುಕೊಂಡ ಉಪಾಯ ಸ್ವಾರಸ್ಯಕರವಾಗಿದೆ. ಪ್ರಯಾಣಿಕರ ನಿಜವಾದ ಚೀಲದ ಚಿತ್ರದೊಳಕ್ಕೆ ಗಣಕಯಂತ್ರವೇ ಆಗಾಗ ಪಿಸ್ತೂಲಿನ ಅಥವಾ ಬಾಂಬಿನ ಹುಸಿ ಚಿತ್ರವನ್ನು ಸೇರಿಸುತ್ತದೆ. ತಪಾಸಕರು ಗುಂಡಿ ಒತ್ತಿದರೆ ಇದು ಪರೀಕ್ಷೆಯೆಂದು ತಿಳಿಸುತ್ತದೆ; ತಪ್ಪಿದರೆ ಅದನ್ನೂ ದಾಖಲಿಸುತ್ತದೆ. ಅಪರೂಪವಾದುದನ್ನು ಹೀಗೆ ಆಗಾಗ ಕಾಣಿಸುತ್ತಿದ್ದರೆ ಕಣ್ಣು ಮಂಕಾಗದು. ಸುಳ್ಳಿಗೂ ಇಂತಹ ಸದುಪಯೋಗವುಂಟು! ಯೂರೋಪಿನ ಒಕ್ಕೂಟದ ನಿಯಮದಂತೆ ಕೈಚೀಲಗಳ ಚಿತ್ರಗಳನ್ನು ಒಬ್ಬರು ಸಾಮಾನ್ಯವಾಗಿ ಸತತ 20 ನಿಮಿಷಕ್ಕಿಂತ ಹೆಚ್ಚು ನೋಡುವಂತಿಲ್ಲ. ಬಳಿಕ ಕನಿಷ್ಠ 10 ನಿಮಿಷ ಪರದೆಯಿಂದ ದೂರವಿರಬೇಕು. ಸರತಿಯ ಸಾಲು ಬೆಳೆದಾಗ ಆ 10 ನಿಮಿಷವನ್ನು ಕತ್ತರಿಸುವ ಆಸೆ ಯಾವ ಆಡಳಿತಕ್ಕಾದರೂ ಬಂದೀತು. ಸಾಲಿನಲ್ಲಿ ನಿಂತು ಗೊಣಗುವ ನಾವೂ ಆ ಆಸೆಗೆ ನೀರೆರೆಯುತ್ತೇವೆ ಎಂಬುದು ನನ್ನ ಭಾವನೆ.

ಪ್ರಯಾಣಿಕರಿಂದಲೂ ಕಿಂಚಿತ್ ಸಹಾಯ ಸಾಧ್ಯ. ತಂತಿ, ಚಾರ್ಜರ್, ಸ್ಟೀಲ್ ಡಬ್ಬಿ, ಪುಸ್ತಕದ ಕಟ್ಟುಗಳನ್ನು ಒಂದರ ಮೇಲೊಂದು ಹೇರಿದರೆ ಚಿತ್ರ ಕಪ್ಪಾಗಿ ಕಲಸಿಹೋಗುತ್ತದೆ. ಬಿಡಿಬಿಡಿಯಾಗಿ ಹರಡಿಟ್ಟರೆ ಎಲ್ಲವೂ ಒಂದೇ ನೋಟಕ್ಕೆ ತಿಳಿಯುತ್ತದೆ. ಚಟ್ನಿಪುಡಿಯನ್ನು ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಇನ್ನೂ ಲೇಸು.