ಕುಂಟುವ ಹೇಂಟೆ ಮತ್ತು ಗಡಿಯ ಕನ್ನಡ

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಕನ್ನಡದಲ್ಲಿ ಬಹು ಬಳಕೆಯದು. ದುರ್ಬಲರ ಅಭಿಪ್ರಾಯಕ್ಕೆ ಬೆಲೆಯಿಲ್ಲವೆಂದು ಹೇಳಲು ಹುಟ್ಟಿದ ಆ ಮಾತಿನಲ್ಲಿ ಕೋಳಿ ಕೇವಲ ಒಂದು ನೆಪ. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆಗಳ ಹಿತ್ತಿಲುಗಳಲ್ಲಿ ಐದಾರು ಊರ ಕೋಳಿ ಸಾಕಿಕೊಂಡಿರುವ ಹೆಂಗಸರ ಪಾಲಿಗೆ ಅದು ನೆಪವಾಗಿ ಉಳಿದಿಲ್ಲ. ಮೊಟ್ಟೆಯಿಡುವ ಹೇಂಟೆಯೊಂದು ಬೆಳಗ್ಗೆ ಗೂಡಿನಿಂದ ಹೊರಬರಲಾರದೆ ಕಾಲೆಳೆಯುತ್ತ ಬಿದ್ದಿದ್ದರೆ, ಕೋಳಿಯನ್ನೂ ಯಾರೂ ಕೇಳುವುದಿಲ್ಲ, ಸಾಕಿದವಳನ್ನೂ ಕೇಳುವುದಿಲ್ಲ. ಮಸಾಲೆ ಅರೆಯುವ ಸಲಹೆ ಮಾತ್ರ ಕೂಡಲೇ ದೊರೆಯುತ್ತದೆ.

ಸಲಹೆ ಕೊಡುವವರನ್ನು ದೂರಿ ಪ್ರಯೋಜನವಿಲ್ಲ. ಕೋಳಿ ಸಾಕಣೆಯ ಶಾಸ್ತ್ರವೇ ಸಾವಿರಗಟ್ಟಲೆ ಹಕ್ಕಿಗಳ ಲೆಕ್ಕದಲ್ಲಿ ಬೆಳೆದುಬಂದದ್ದು. ಸಾವಿರದಲ್ಲಿ ಒಂದು ಕುಂಟಿದರೆ ಅದನ್ನು ಬೇರ್ಪಡಿಸಿ ವಿಲೇವಾರಿ ಮಾಡುವುದು ಆ ಲೆಕ್ಕಕ್ಕೆ ಸರಿಯೇ. ಆರರಲ್ಲಿ ಒಂದು ಕುಂಟಿದಾಗ ಲೆಕ್ಕ ಬದಲಾಗುತ್ತದೆ. ಅದು ಮನೆಯ ಮೊಟ್ಟೆಯ ಆರನೆಯ ಒಂದು ಪಾಲು. ಹಲವು ಮನೆಗಳಲ್ಲಿ ಗಂಡಸರ ಕೈಗೆ ಹೋಗದ ಏಕೈಕ ಹಣದ ಮೂಲ. ಹೆಸರಿಟ್ಟು ಕರೆದರೆ ಓಡಿಬರುತ್ತಿದ್ದ ಜೀವವೂ ಹೌದು. ಪಂಚಾಯತಿಯ ಯೋಜನೆಗಳಲ್ಲಿ ಹೆಂಗಸರಿಗೆ ಮೊಟ್ಟೆಕೋಳಿ ಹಂಚುವ ಸರಕಾರವು ಹಂಚಿದ ಕೋಳಿಗೆ ಕಾಲು ಬರದಾದಾಗ ಏನು ಮಾಡಬೇಕೆಂಬುದನ್ನೂ ಹೇಳಬೇಕಾಗುತ್ತದೆ, ಮತ್ತು ಪಡೆದವಳಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕಾಗುತ್ತದೆ.

ಇಲ್ಲಿ ತೊಡಕು ಇರುವುದು ಔಷಧಿಯಲ್ಲಿ ಅಷ್ಟಾಗಿ ಅಲ್ಲ, ಮಾತಿನಲ್ಲಿ. ಕೇರಳದಲ್ಲಿ ಬಹುತೇಕ ಪ್ರತಿ ಪಂಚಾಯತಿಗೂ ಮೃಗಾಸ್ಪತ್ರೆಯುಂಟು. ಈ ಸೌಕರ್ಯಕ್ಕೆ ಗಡಿಯಾಚೆಯವರೂ ಅಸೂಯೆಪಡಬಹುದು. ಆದರೆ ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ ವೈದ್ಯರ ಮುಂದೆ, ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುವ ಮುದುಕಿ ಬುಟ್ಟಿಯಲ್ಲಿ ಕೋಳಿಯನ್ನಿಟ್ಟುಕೊಂಡು ನಿಂತಾಗ ಆಕೆಯ ಬಾಯಿಂದ ಹೊರಡುವುದು ಒಂದೇ ವಾಕ್ಯ: ಕಾಲು ಹೋಗಿದೆ. ಈ ಮಾತು ಕನಿಷ್ಠ ಆರು ಬೇರೆ ಬೇರೆ ಸಂಗತಿಗಳನ್ನು ಹೇಳಬಲ್ಲದು.

ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಬಿದ್ದ ಎಳೆಯ ಹೇಂಟೆಯನ್ನು ನೋಡಿದರೆ ಮಾರೆಕ್ ರೋಗದ ಶಂಕೆ ಹುಟ್ಟಬೇಕು. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಮೊದಲು ವಿವರಿಸಿದ ಈ ರೋಗ ನರಗಳಿಗೆ ತಗಲುವ ವೈರಸ್ಸಿನದು. ಅದಕ್ಕೆ ಮದ್ದಿಲ್ಲ, ಮೊಟ್ಟೆಯೊಡೆದು ಬಂದ ದಿನವೇ ಮರಿಗೆ ಚುಚ್ಚುವ ಲಸಿಕೆಯೊಂದೇ ರಕ್ಷಣೆ. ಇದಕ್ಕೆ ವಿರುದ್ಧವಾಗಿ, ಬೆರಳುಗಳು ಒಳಕ್ಕೆ ಮುರುಟಿಕೊಂಡು ಹಿಂಗಾಲಿನ ಗಂಟನ್ನೇ ಊರಿ ನಡೆಯುವ ಮರಿಯ ಕೊರತೆ ಬಹಳ ಸಲ ಆಹಾರದ್ದು. ಬರಿಯ ನುಚ್ಚಕ್ಕಿ, ಅನ್ನದಗುಳು ತಿಂದು ಬೆಳೆದ ಮರಿಗೆ ರೈಬೋಫ್ಲೇವಿನ್ ಎಂಬ ಬಿ ಗುಂಪಿನ ಜೀವಸತ್ವ ಸಾಲದೆ ಹೋಗುತ್ತದೆ. ಆರಂಭದಲ್ಲಿಯೇ ನೀರಿಗೆ ಬಿ ಜೀವಸತ್ವದ ಹನಿ ಬೆರೆಸಿ ಕುಡಿಸಿದರೆ ಕೆಲವೇ ದಿನಗಳಲ್ಲಿ ಬೆರಳು ಬಿಚ್ಚಿಕೊಳ್ಳಬಹುದು. ತಿಂಗಳು ಕಳೆದ ಮೇಲೆ ಕುಡಿಸಿದರೆ ನರಕ್ಕಾದ ಹಾನಿ ಹಿಂದಿರುಗದು. ನುಣುಪಾದ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಬಿಟ್ಟ ಮರಿಯ ಕಾಲುಗಳು ಎರಡು ಬದಿಗೆ ಜಾರಿ ಅಗಲಿಸಿಕೊಂಡಿದ್ದರೆ ಅದು ರೋಗವೇ ಅಲ್ಲದಿರಬಹುದು. ಮೆತ್ತನೆಯ ಪಟ್ಟಿಯೊಂದರಿಂದ ಎರಡೂ ಕಾಲುಗಳನ್ನು ಸಹಜವಾದ ಅಂತರದಲ್ಲಿ ಸಡಿಲವಾಗಿ ಜೋಡಿಸಿ, ಗೋಣಿಯಂಥ ಒರಟು ಹಾಸಿನ ಮೇಲೆ ಬಿಟ್ಟರೆ ಹುಟ್ಟಿದ ಮೊದಲ ದಿನಗಳಲ್ಲಿ ಇದು ನೇರವಾಗುವುದುಂಟು. ಕಾಲಿನ ಗಂಟು ಊದಿ ಅದರ ಹಿಂಬದಿಯ ಸ್ನಾಯುರಜ್ಜು ಪಕ್ಕಕ್ಕೆ ಜಾರಿದ್ದರೆ ಮ್ಯಾಂಗನೀಸ್ ಅಥವಾ ಕೋಲೀನ್ ಕೊರತೆಯ ಕಡೆಗೆ ಗಮನ ಹೋಗಬೇಕು. ಅಂಗಾಲಿನ ನಡುವೆ ಕಪ್ಪು ಹಕ್ಕಳೆಗಟ್ಟಿ ಪಾದ ಊದಿದ್ದರೆ ಅದು ಕೀವಿನ ಗಂಟು. ಮುರಕಲ್ಲಿನ ಒರಟು ಅಂಗಳಕ್ಕೆ ಎತ್ತರದಿಂದ ಹಾರಿ ಇಳಿಯುವ ಭಾರದ ಕೋಳಿಗಳಿಗೆ ಇದು ಅಪರೂಪವಲ್ಲ. ಇನ್ನು ಕೊಕ್ಕರೆ ರೋಗವೆಂದು ಕನ್ನಡದಲ್ಲಿ ಕರೆಯುವ ರಾಣಿಖೇತ್ ಬಂದು ಬದುಕುಳಿದ ಕೋಳಿಗೆ ಕತ್ತು ತಿರುಚಿಕೊಂಡು, ಕಾಳು ಕುಕ್ಕಲು ಹೋದರೆ ಕೊಕ್ಕು ಬೇರೆಲ್ಲಿಗೋ ಬೀಳುತ್ತದೆ.

ಇವುಗಳಲ್ಲಿ ಕೆಲವು ಮನೆಯಲ್ಲೇ ಗುಣವಾಗುತ್ತವೆ, ಕೆಲವಕ್ಕೆ ವೈದ್ಯರ ಕತ್ತರಿ ಬೇಕು, ಕೆಲವು ಇತರ ಕೋಳಿಗಳಿಗೆ ಹರಡುತ್ತವೆ. ವ್ಯತ್ಯಾಸವನ್ನು ಕಾಣುವ ಕಣ್ಣು ಆ ಮುದುಕಿಗಿದೆ. ಕುಂಟು, ಸೊಟ್ಟ, ಮುರುಟು, ಜೋಲು, ಸೆಟೆ, ತೆವಳು, ಹೆಳವು ಎಂದು ಅವಸ್ಥೆಗೊಂದೊಂದು ಶಬ್ದವನ್ನಿಟ್ಟುಕೊಂಡ ಭಾಷೆಯೂ ಆಕೆಯದಾಗಿದೆ. ಆದರೆ ಆಸ್ಪತ್ರೆಯ ಮೆಟ್ಟಿಲೇರಿದೊಡನೆ ಆ ಶಬ್ದಸಂಪತ್ತೆಲ್ಲ ಕೈಬಿಟ್ಟು, ತಾನು ಅರೆಬರೆ ಬಲ್ಲ ಮಲಯಾಳದ ಎರಡು ಪದಗಳಿಗೆ ಆಕೆ ಇಳಿಯಬೇಕಾಗುತ್ತದೆ. ಗೋಡೆಗಂಟಿಸಿದ ಭಿತ್ತಿಪತ್ರವನ್ನು ಓದಲು ಮಗನೋ ಮೊಮ್ಮಗಳೋ ಬೇಕು. ಆ ಮೊಮ್ಮಗಳು ಕನ್ನಡ ಐಚ್ಛಿಕದ ವಿದ್ಯಾರ್ಥಿನಿಯಾಗಿದ್ದರೆ ಅವಳಿಗೊಂದು ವಿನೋದ ಕಾದಿದೆ. ಮಲಯಾಳದ ‘ತಳರ್’ ಧಾತುವಿಗೆ ಸೋತು ಸೊರಗುವುದೆಂಬ ಅರ್ಥ; ಪಾರ್ಶ್ವವಾಯುವಿಗೆ ಅಲ್ಲಿ ‘ತಳರ್ವಾತ’ವೆಂದೇ ಹೆಸರು. ಹಳಗನ್ನಡ ಕಾವ್ಯಗಳಲ್ಲಿ ಅವಳು ಓದುವ ‘ತಳರ್’ ಎಂದರೆ ಹೊರಡು, ಚಲಿಸು. ಕಾಲು ಬಾರದ ಕೋಳಿಯ ಬಗೆಗಿನ ಎಚ್ಚರಿಕೆ, ಪಂಪನನ್ನು ಓದಿದವರಿಗೆ ನಡೆದಾಡುವ ಕೋಳಿಯಂತೆ ತೋರಬಹುದು. ‘ಕೋೞಿ’ಯಲ್ಲಿ ಕನ್ನಡ ಕಳೆದುಕೊಂಡ ೞಕಾರವನ್ನು ಮಲಯಾಳ ಇಂದಿಗೂ ಉಳಿಸಿಕೊಂಡಿದೆಯೆಂಬುದು ತರಗತಿಯಲ್ಲಿ ಸ್ವಾರಸ್ಯಕರವೇ, ಔಷಧಿಯ ಚೀಟಿಯ ಮುಂದೆ ಸೋದರಭಾಷೆಯ ಈ ಅರೆಪರಿಚಯ ಅಪರಿಚಯಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ.

ಕರ್ನಾಟಕದ ಕಡೆಗೆ ತಿರುಗಿದರೆ ಉತ್ತರ ಸಿಕ್ಕೀತೆಂಬ ನಂಬಿಕೆ ಇಲ್ಲಿ ಸಾಮಾನ್ಯ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಗಿರಿರಾಜ ಕೋಳಿಯನ್ನು ರೂಪಿಸಿದ ಬೆಂಗಳೂರಿನ ಹೆಬ್ಬಾಳವಿದೆ. ಮೊಬೈಲಿನಲ್ಲಿ ಕನ್ನಡದ ವಿಡಿಯೋಗಳಿಗಂತೂ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಶೆಡ್ಡು ಕಟ್ಟಿ ಲಾಭ ಗಳಿಸುವ ಬಗೆಯನ್ನು ಹೇಳುತ್ತವೆ. ಕುಂಟುವ ಕೋಳಿಯನ್ನು ಕುರಿತ ಕೆಲವಂತೂ ಅರಿಶಿನ, ಬೆಳ್ಳುಳ್ಳಿಗಳಿಂದ ಎಲ್ಲ ಬಗೆಯ ಕುಂಟನ್ನೂ ಒಂದೇ ಏಟಿಗೆ ವಾಸಿಮಾಡಿಬಿಡುತ್ತವೆ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್ 22 ಭಾಷೆಗಳಲ್ಲಿ ಕೆಲಸಮಾಡುತ್ತದೆ, ಕನ್ನಡವೂ ಅವುಗಳಲ್ಲೊಂದು; 1800-180-1551 ಎಂಬ ಅದರ ಸಂಖ್ಯೆ ಹಿತ್ತಿಲ ಕೋಳಿಯವರಲ್ಲಿ ಎಷ್ಟು ಮನೆಗಳ ಗೋಡೆಯ ಮೇಲಿದೆಯೆಂದು ವಿದ್ಯಾರ್ಥಿಗಳು ತಮ್ಮ ಮನೆಯಿಂದಲೇ ಎಣಿಸತೊಡಗಬಹುದು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲೇ ಕೃಷಿ ವಿಜ್ಞಾನ ಕೇಂದ್ರವೊಂದಿದೆಯೆಂಬುದೂ ತೆಂಗು ಅಡಕೆಯವರಿಗೆ ಗೊತ್ತು, ಕೋಳಿಯವರಿಗೆ ಅಷ್ಟಾಗಿ ಗೊತ್ತಿಲ್ಲ.

ಈ ಎಲ್ಲದರಿಂದ ಕನ್ನಡ ವಿಭಾಗಕ್ಕೇನಾಗಬೇಕು ಎಂದು ಕೇಳುವವರಿದ್ದಾರೆ. ಸಾಹಿತ್ಯಚರಿತ್ರೆಯ ಪತ್ರಿಕೆಯಲ್ಲಿ ಶಾಸ್ತ್ರಸಾಹಿತ್ಯವೆಂಬ ಅಧ್ಯಾಯವನ್ನು ಪರೀಕ್ಷೆಗೆಂದು ಉರುಹೊಡೆಯುವಾಗ ಯಾರಿಗೂ ಈ ಸಂದೇಹ ಬರುವುದಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ ಅಡುಗೆಯಿಂದ ಬಾವಿ ತೋಡುವವರೆಗೆ ದಿನಬಳಕೆಯ ತಿಳಿವನ್ನೆಲ್ಲ ಕನ್ನಡಕ್ಕೆ ತಂದಿತು. ಚಾಳುಕ್ಯ ಮನೆತನದ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ. ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯದ ಗ್ರಂಥ. ಕುದುರೆಯ ಚಿಕಿತ್ಸೆಯನ್ನು ಕುರಿತೂ ಕನ್ನಡದಲ್ಲಿ ಕೃತಿಗಳಿವೆ. ಅರಮನೆಯ ಲಾಯಕ್ಕೂ ಅಗ್ರಹಾರದ ಹಟ್ಟಿಗೂ ಸಂದ ಈ ಗೌರವ ಕೋಳಿಗೂಡಿಗೆ ಸಲ್ಲಲಿಲ್ಲ. ಪಠ್ಯದ ಪಟ್ಟಿಯಲ್ಲಿ ಕುಕ್ಕುಟವೈದ್ಯವೆಂಬ ಹೆಸರು ಕಾಣದು. ಕೋಳಿ ಹೆಂಗಸರ ಮತ್ತು ಬಡವರ ಸೊತ್ತಾಗಿದ್ದುದು ಇದಕ್ಕೆ ಕಾರಣವಾಗಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಅಂಕದ ಹುಂಜಕ್ಕೆ ಮಾತ್ರ ತುಳುನಾಡಿನಲ್ಲಿ ಬಣ್ಣ, ಜಾತಿ, ಗಳಿಗೆಗಳ ವಿಸ್ತಾರವಾದ ಶಾಸ್ತ್ರವೇ ಇದೆ. ಅದು ಗೆಲ್ಲುವ ಹುಂಜದ ಶಾಸ್ತ್ರ. ಕಾಲು ಮುರಿದದ್ದಕ್ಕೆ ಅದರಲ್ಲಿ ಇರುವ ಸ್ಥಾನ ಎದುರಾಳಿಯ ಅಡುಗೆಮನೆ.

ಪ್ರಾಣಿಯ ಕಾಲನ್ನು ಗಮನಿಸಿ ಬರೆದಿಡುವುದು ಸಣ್ಣ ಕೆಲಸವೆಂದು ಕಾಸರಗೋಡಿನವರು ಹೇಳುವಂತಿಲ್ಲ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ಮೊದಮೊದಲು ಕಣ್ಣಿಗೆ ಬಿದ್ದವುಗಳಲ್ಲಿ ಕಾಲು ಸೊಟ್ಟಗಾದ ಕರುಗಳೂ ಸೇರಿದ್ದವು. ಮನುಷ್ಯರ ಮಕ್ಕಳ ಸರದಿ ಎಲ್ಲರ ಅರಿವಿಗೆ ಬಂದದ್ದು ಆಮೇಲೆ. ಅದನ್ನು ಲೋಕದ ಗಮನಕ್ಕೆ ತಂದವರಲ್ಲಿ ಮೊದಲಿಗರಾದ ಶ್ರೀ ಪಡ್ರೆಯವರು 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯ ಮೂಲಕ ಕೃಷಿಕರ ಕೈಗೇ ಲೇಖನಿ ಕೊಡುವ ಪದ್ಧತಿಯನ್ನು ಬೆಳೆಸಿದರು. ಕೃಷಿಯ ಬಗ್ಗೆ ಮಾಡಿದವನೇ ಬರೆಯಬೇಕು ಎಂಬ ಆ ಪದ್ಧತಿ ಅಡಕೆತೋಟವನ್ನು ದಾಟಿ ಹಿತ್ತಿಲಿಗೆ ಇಳಿಯಲು ಅಡ್ಡಿಯೇನಿದೆ?

ಹಿತ್ತಿಲಿನಲ್ಲಿ ಬರೆಯಬೇಕಾದದ್ದು ಬೇಕಾದಷ್ಟಿದೆ. ನಿಲ್ಲಲಾರದ ಕೋಳಿಯನ್ನು ಬಟ್ಟೆಯ ತೊಟ್ಟಿಲಿನಲ್ಲಿ ಪಾದ ನೆಲಕ್ಕೆ ತಾಗುವಂತೆ ದಿನಕ್ಕೆ ಸ್ವಲ್ಪ ಹೊತ್ತು ತೂಗುಹಾಕಿ ನಿಲ್ಲುವ ಅಭ್ಯಾಸ ಮಾಡಿಸುವುದು. ಮಲಗಿದಲ್ಲೇ ಇದ್ದು ಎದೆ ಹುಣ್ಣಾಗದಂತೆ ಹಾಸನ್ನು ಬದಲಿಸುತ್ತಿರುವುದು. ಹಿಕ್ಕೆ ಅಂಟಿದ ಹಿಂಭಾಗವನ್ನು ತೊಳೆದು ಒರಸಿ ನೊಣ ಮುತ್ತಿ ಹುಳವಾಗದಂತೆ ಕಾಯುವುದು. ಮಿಕ್ಕವು ಕುಕ್ಕಿ ಕೊಲ್ಲದಂತೆ ಬೇರೆ ಇಟ್ಟರೂ ಅವುಗಳ ಕಣ್ಣಿಗೆ ಕಾಣುವಂತೆಯೇ ಇಡುವುದು, ಏಕೆಂದರೆ ಬಹುಕಾಲ ಮರೆಯಾಗಿದ್ದ ಕೋಳಿಯನ್ನು ಹಿಂಡು ಹೊಸಬಳೆಂದೇ ಎಣಿಸಿ ಹೊಡೆಯುತ್ತದೆ. ಸಿಡುಬಿನಿಂದ ಕಣ್ಣು ಕಳೆದುಕೊಂಡದ್ದಕ್ಕೆ ನೀರು ಕಾಳುಗಳನ್ನು ಎಂದೂ ಜಾಗ ಬದಲಿಸದೆ ಇಡುವುದು. ಇವುಗಳನ್ನು ಮಾಡುತ್ತಿರುವವರು ಪಕ್ಕದ ಮನೆಯಲ್ಲೇ ಇರಬಹುದು; ಆದರೆ ಕುಂಟು ಕೋಳಿಯ ಆರೈಕೆಯನ್ನು ಮರುಳೆಂದು ನಗುವವರ ನಡುವೆ ಯಾರೂ ಅದನ್ನು ಹೊರಗೆ ಆಡುವುದಿಲ್ಲ. ನೋವು ತೀರದೆ ಮೇವು ಬಿಟ್ಟ ಹಕ್ಕಿಯನ್ನು ಕೊನೆಗಾಣಿಸುವುದೇ ಕರುಣೆಯಾಗುವ ಗಳಿಗೆಯೂ ಉಂಟು. ಅದನ್ನು ನಿರ್ಧರಿಸುವವಳಿಗೂ ಜೊತೆಗೊಬ್ಬರು ಬೇಕು.

ಉತ್ಸಾಹದಲ್ಲಿ ಮರೆಯಬಾರದ ಮಾತೊಂದಿದೆ. ಹಲವು ಕೋಳಿಗಳು ಒಟ್ಟಿಗೇ ಕಾಲು ಸೋತು, ಮುಖ ಊದಿ, ಒಂದೆರಡು ದಿನಗಳಲ್ಲಿ ಸಾಯತೊಡಗಿದರೆ ಅದು ಹಕ್ಕಿಜ್ವರವೂ ಆಗಿರಬಹುದು. ಅಂಥವುಗಳನ್ನು ಬರಿಗೈಯಿಂದ ಮುಟ್ಟದೆ, ಮದ್ದು ಮಾಡಲು ಹೋಗದೆ ಮೃಗಾಸ್ಪತ್ರೆಗೆ ಕೂಡಲೇ ತಿಳಿಸಬೇಕು. ಆಂಟಿಬಯಾಟಿಕ್ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂಬುದನ್ನು ವೈದ್ಯರನ್ನು ಕೇಳಿಯೇ ತಿಳಿಯಬೇಕು. ಕನ್ನಡ ಬಲ್ಲವರು ವೈದ್ಯರಾಗಲು ಹೊರಡುವುದು ಬೇಡ. ವೈದ್ಯರ ಮತ್ತು ಅಜ್ಜಿಯ ನಡುವೆ ನಿಲ್ಲುವುದು ಸಾಕು.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಈ ಹಕ್ಕು ಶಾಲೆ, ಪಠ್ಯಪುಸ್ತಕ, ಉದ್ಯೋಗಗಳ ಹೋರಾಟದಲ್ಲಿ ಮತ್ತೆ ಮತ್ತೆ ನೆನಪಾಗುತ್ತದೆ. ಕೋಳಿಯ ಲಸಿಕೆಯ ದಿನವನ್ನು ಕನ್ನಡದಲ್ಲಿ ಪ್ರಕಟಿಸಿರೆಂದು ಮೃಗಾಸ್ಪತ್ರೆಗೆ ಒಂದು ಅರ್ಜಿ ಬರೆಯುವಾಗ ನೆನಪಾಗುವುದಿಲ್ಲ. ಅರ್ಜಿಯೊಡನೆ ಒಂದು ಪುಟವನ್ನೂ ಸಿದ್ಧಪಡಿಸಬಹುದು. ಮೊದಲು ಮನೆಮನೆಯಿಂದ ಕೋಳಿಯ ಅವಸ್ಥೆಗಳ ಶಬ್ದಗಳನ್ನು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಕೇಳಿ ಬರೆದುಕೊಳ್ಳಬೇಕು. ಪ್ರತಿಯೊಂದರ ಮುಂದೆ ಮಲಯಾಳದ ಪದವನ್ನೂ ಕೋಳಿ ನಿಲ್ಲುವ ಭಂಗಿಯ ಚಿತ್ರವನ್ನೂ ಇಟ್ಟು ಊರಿನ ವೈದ್ಯರಿಂದ ತಿದ್ದಿಸಬೇಕು. ಹಾಗೆ ತಯಾರಾದ ಪುಟ ಎರಡೂ ಕಡೆಯವರಿಗೆ ಬೇಕಾದದ್ದು, ಏಕೆಂದರೆ ಕನ್ನಡ ಬಾರದ ವೈದ್ಯರೂ ಅದರಲ್ಲಿ ಬೆರಳಿಟ್ಟು ತೋರಿಸಬಹುದು. ಓದುಬರಹ ಬಾರದ ಅಜ್ಜಿಯರಿಗೆ ಚಿತ್ರಗಳು ಸಾಲದೆ ಹೋದರೆ, ಅದೇ ಪುಟವನ್ನು ತುಳುವಿನಲ್ಲಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳುಹಿಸಲು ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯದು.