ಗಂಟಲ ಬೇನೆಯೂ ಹೃದಯದ ಕವಾಟವೂ

ಮನೆಯಲ್ಲಿ ಮಕ್ಕಳಿದ್ದ ಮೇಲೆ ವರುಷಕ್ಕೆ ಎರಡು ಮೂರು ಸಲವಾದರೂ ಗಂಟಲು ನೋವಿನ ಮಾತು ಬಾರದೆ ಇರುವುದಿಲ್ಲ. ಶಾಲೆಯಿಂದ ಬಂದ ಹುಡುಗ ಊಟ ಬೇಡವೆನ್ನುತ್ತಾನೆ. ಎಂಜಲು ನುಂಗುವಾಗಲೂ ಮುಖ ಕಿವಿಚುತ್ತಾನೆ. ಅಜ್ಜಿ ಮೆಣಸಿನ ಕಷಾಯಕ್ಕೆ ನೀರಿಡುತ್ತಾರೆ. ತಾಯಿ ಉಪ್ಪು ಬೆರೆಸಿದ ಬಿಸಿನೀರು ತಂದುಕೊಡುತ್ತಾಳೆ. ತಂದೆ ಬೀದಿಯ ಕೊನೆಯ ಔಷಧಿ ಅಂಗಡಿಯಿಂದ ನಾಲ್ಕು ಮಾತ್ರೆ ತರುತ್ತಾನೆ. ಮೂರು ನಾಲ್ಕು ದಿನಗಳಲ್ಲಿ ನೋವು ಮಾಯವಾಗುತ್ತದೆ. ಮೂವರಲ್ಲಿ ಯಾರ ಉಪಚಾರದಿಂದ ಗುಣವಾಯಿತೆಂಬ ಚರ್ಚೆ ಮಾತ್ರ ಉಳಿಯುತ್ತದೆ.

ನಿಜವೇನೆಂದರೆ, ಹೆಚ್ಚಿನ ಗಂಟಲು ನೋವು ಯಾರ ಉಪಚಾರಕ್ಕೂ ಕಾಯದೆ ತಾನಾಗಿ ಗುಣವಾಗತಕ್ಕದ್ದು. ಆದರೆ ಹಾಗೆ ಗುಣವಾದಂತೆ ತೋರಿ, ಕೆಲವು ವಾರಗಳ ತರುವಾಯ ಹೃದಯಕ್ಕೆ ಕೈಹಾಕುವ ಬೇನೆಯೂ ಒಂದುಂಟು. ಇವೆರಡನ್ನೂ ಬೇರ್ಪಡಿಸಿ ಅರಿಯುವುದು ಪ್ರತಿಯೊಬ್ಬ ತಂದೆತಾಯಿಯರಿಗೂ ಅವಶ್ಯಕ.

ಸರಪಳಿಯಂಥ ರೋಗಾಣು

ಗಂಟಲು ನೋವಿಗೆ ಬಹುಪಾಲು ಕಾರಣ ನೆಗಡಿಯನ್ನು ತರುವಂಥ ವೈರಸ್‌ಗಳು. ಮಕ್ಕಳಲ್ಲಿ ಶೇಕಡಾ 20ರಿಂದ 30ರಷ್ಟು, ದೊಡ್ಡವರಲ್ಲಿ ಶೇಕಡಾ 5ರಿಂದ 15ರಷ್ಟು ಗಂಟಲು ನೋವು ಮಾತ್ರ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಉಂಟಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಇದು ಕಾಳುಗಳನ್ನು ಪೋಣಿಸಿದ ಸರಪಳಿಯಂತೆ ಕಾಣುತ್ತದೆ. 1874ರಲ್ಲಿ ಇದನ್ನು ವರ್ಣಿಸಿದ ವಿಯೆನ್ನಾದ ಶಸ್ತ್ರವೈದ್ಯ ಥಿಯೋಡರ್ ಬಿಲ್‌ರಾತ್, ಗ್ರೀಕ್ ಭಾಷೆಯಿಂದ ಅದೇ ಅರ್ಥದ ಹೆಸರನ್ನು ಕೊಟ್ಟನು. 1933ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿ ಈ ಕುಲದ ರೋಗಾಣುಗಳನ್ನು ವರ್ಗಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಗಂಟಲಿಗೆ ಮುಖ್ಯ ಶತ್ರುವಾದುದು 'ಎ' ವರ್ಗ.

ಈ ಬೇನೆ 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು; 3 ವರ್ಷಕ್ಕೆ ಒಳಗಿನ ಕೂಸುಗಳಲ್ಲಿ ವಿರಳ. ಕೆಮ್ಮಿದಾಗ, ಸೀನಿದಾಗ, ಹತ್ತಿರ ಕುಳಿತು ಮಾತನಾಡಿದಾಗ ಸಿಡಿಯುವ ಹನಿಗಳ ಮೂಲಕವೂ ಎಂಜಲು ಲೋಟದ ಮೂಲಕವೂ ಇದು ಹರಡುತ್ತದೆ. ಸೋಂಕು ತಗುಲಿದ 2ರಿಂದ 5 ದಿನಗಳಲ್ಲಿ ಬೇನೆ ತಲೆದೋರುತ್ತದೆ.

ಗುರುತಿಸುವ ಬಗೆ

ಸ್ಟ್ರೆಪ್ಟೊಕಾಕಸ್ ಬೇನೆ ಮೆಲ್ಲಗೆ ಬರುವುದಿಲ್ಲ. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಜ್ವರದಿಂದ ಮಲಗುತ್ತದೆ. ನುಂಗುವಾಗ ತೀವ್ರವಾದ ನೋವು. ಗಲಗ್ರಂಥಿಗಳು ಕೆಂಪೇರಿ ಊದಿಕೊಂಡು, ಅವುಗಳ ಮೇಲೆ ಹಲವೊಮ್ಮೆ ಬಿಳಿಯ ಕೀವಿನ ಮಚ್ಚೆಗಳು. ಅಂಗುಳಿನಲ್ಲಿ ಸಣ್ಣ ಕೆಂಪು ಚುಕ್ಕೆಗಳು. ದವಡೆಯ ಕೆಳಗೆ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಡ್ಡೆಗಳು. ಚಿಕ್ಕ ಮಕ್ಕಳಲ್ಲಿ ತಲೆನೋವು, ಹೊಟ್ಟೆನೋವು, ವಾಂತಿಯೂ ಕಂಡುಬರುವುದರಿಂದ ಅಜೀರ್ಣವೆಂದು ಭ್ರಮಿಸುವುದುಂಟು. ಕೆಲವರಿಗೆ ಮೈಮೇಲೆ ಮರಳು ಕಾಗದದಂತೆ ಒರಟಾದ ಕೆಂಪು ದದ್ದು ಎದ್ದು, ನಾಲಿಗೆ ಕೆಂಪಾಗಿ ಗಂಟುಗಂಟಾಗುತ್ತದೆ. ಇದನ್ನು ಸ್ಕಾರ್ಲೆಟ್ ಜ್ವರವೆನ್ನುವರು; ಬೇನೆ ಅದೇ, ವೇಷ ಬೇರೆ.

ಇಲ್ಲಿ ಗಮನಿಸಬೇಕಾದುದು ಏನಿದೆ ಎಂಬುದಷ್ಟೇ ಅಲ್ಲ, ಏನಿಲ್ಲ ಎಂಬುದೂ ಹೌದು. ಮೂಗು ಸುರಿಯುತ್ತಿದ್ದರೆ, ಕೆಮ್ಮಿದ್ದರೆ, ಧ್ವನಿ ಒಡೆದಿದ್ದರೆ, ಕಣ್ಣು ಕೆಂಪಾಗಿದ್ದರೆ ಅದು ಬಹುಶಃ ವೈರಸ್‌ನ ಕೆಲಸ. ಜ್ವರ, ಗಲಗ್ರಂಥಿಯ ಮೇಲಿನ ಕೀವು, ಕತ್ತಿನ ಗಡ್ಡೆ, ಕೆಮ್ಮಿಲ್ಲದಿರುವುದು ಎಂಬ ನಾಲ್ಕು ಲಕ್ಷಣಗಳನ್ನು ಲೆಕ್ಕಹಾಕುವ ಕ್ರಮವನ್ನು 1981ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ ರೂಪಿಸಿದನು. ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. ಆದರೆ ಕಣ್ಣಳತೆಯಿಂದ ಮಾತ್ರವೇ ನಿರ್ಣಯ ಸಾಧ್ಯವಿಲ್ಲ. ಗಂಟಲನ್ನು ಹತ್ತಿಯ ಕಡ್ಡಿಯಿಂದ ಸವರಿ ಮಾಡುವ ಶೀಘ್ರ ಪರೀಕ್ಷೆಯಿಂದ ನಿಮಿಷಗಳಲ್ಲಿ ಉತ್ತರ ದೊರೆಯುತ್ತದೆ. ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ ನೋಡುವುದಾದರೆ ಒಂದೆರಡು ದಿನ ಹಿಡಿಯುತ್ತದೆ. ಅಷ್ಟು ಕಾದರೂ ಹಾನಿಯಿಲ್ಲ. ಅದರ ಕಾರಣ ಮುಂದೆ ತಿಳಿಯುವುದು.

ಹೃದಯಕ್ಕೇಕೆ ಅಪಾಯ?

ಶರೀರವು ಈ ರೋಗಾಣುವಿನ ವಿರುದ್ಧ ಹೋರಾಡಲು ಪ್ರತಿವಸ್ತುಗಳನ್ನು ಸಿದ್ಧಪಡಿಸುತ್ತದೆ. ರೋಗಾಣುವಿನ ಕೆಲವು ಅಂಶಗಳು ಮನುಷ್ಯನ ಹೃದಯ, ಕೀಲು, ಮೆದುಳುಗಳ ಅಂಶಗಳನ್ನು ಹೋಲುವುದರಿಂದ, ಕೆಲವು ಮಕ್ಕಳಲ್ಲಿ ಆ ಹೋರಾಟ ತಮ್ಮ ದೇಹದ ಮೇಲೆಯೇ ತಿರುಗುತ್ತದೆ. ಗಂಟಲು ವಾಸಿಯಾದ ಎರಡು ಮೂರು ವಾರಗಳಲ್ಲಿ ಮತ್ತೆ ಜ್ವರ ಬರುತ್ತದೆ. ಮೊಣಕಾಲು, ಕಾಲಿನ ಗಿಣ್ಣು, ಮೊಣಕೈಗಳು ಒಂದಾದ ಮೇಲೊಂದು ಊದಿಕೊಂಡು ನೋಯುತ್ತವೆ. ಇದೇ ರುಮ್ಯಾಟಿಕ್ ಜ್ವರ ಅಥವಾ ಕೀಲುವಾತ ಜ್ವರ. ಕೀಲುಗಳ ಊತ ಗುರುತುಳಿಸದೆ ಇಳಿದುಹೋಗುತ್ತದೆ. ಹೃದಯದ ಕವಾಟಗಳಿಗೆ ತಗುಲಿದ ಪೆಟ್ಟು ಹಾಗೆ ಹೋಗದು.

ಇನ್ನೂ ಕೆಲವು ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ತಿಂಗಳುಗಳ ಬಳಿಕ ಕೈಕಾಲುಗಳು ಹಿಡಿತ ತಪ್ಪಿ ಅದುರುತ್ತವೆ. ಬರವಣಿಗೆ ಕೆಡುತ್ತದೆ, ಕೈಯಲ್ಲಿದ್ದ ಲೋಟ ಜಾರುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಶಾಲೆಯಲ್ಲಿ ಉಪಾಧ್ಯಾಯರೂ ಮನೆಯಲ್ಲಿ ಹಿರಿಯರೂ ಇದನ್ನು ಹಠವೆಂದೋ ಅಜಾಗರೂಕತೆಯೆಂದೋ ತಿಳಿದು ಗದರಿಸುವುದು ಬಹಳ ವಿಷಾದಕರ. ಆ ಮಗುವಿಗೆ ಬೇಕಾದುದು ಗದರಿಕೆಯಲ್ಲ, ವೈದ್ಯರು.

ಕವಾಟದ ಹಾನಿ ಹಲವು ವರ್ಷ ಸದ್ದಿಲ್ಲದೆ ಇರಬಹುದು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಗಡುಸಾಗಿ ಕಿರಿದಾಗುತ್ತ ಬಂದು, ಮಹಡಿ ಹತ್ತುವಾಗ ಏದುಸಿರು ಬರುವವರೆಗೂ ಯಾರಿಗೂ ತಿಳಿಯದು. ತರುಣಿಯೊಬ್ಬಳ ಹೃದಯದ ತೊಂದರೆ ಆಕೆ ಗರ್ಭಿಣಿಯಾದ ಮೇಲೆ ಉಸಿರಿಗೆ ಕಷ್ಟಪಟ್ಟಾಗ ಮೊದಲ ಬಾರಿಗೆ ಬೆಳಕಿಗೆ ಬರುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ವಿಧಾನವನ್ನು 1982ರಲ್ಲಿ ಜಪಾನಿನ ಕಂಜಿ ಇನೂಯೆ ಮೊದಲು ಮಾಡಿ ತೋರಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ವಿಪುಲವಾಗಿ ನಡೆದಿದೆ. ಆದರೆ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯನ್ನು ತರುವ ಸ್ಥಿತಿಯನ್ನೇ ತಪ್ಪಿಸುವುದು ಮೇಲಲ್ಲವೇ?

ಹತ್ತು ದಿನದ ವ್ರತ

ತಪ್ಪಿಸುವ ಉಪಾಯ ದುಬಾರಿಯದಲ್ಲ. ಅಮೆರಿಕದ ವಯೋಮಿಂಗ್ ಪ್ರಾಂತದ ಸೈನಿಕ ನೆಲೆಯೊಂದರಲ್ಲಿ ಗಂಟಲು ಬೇನೆಯ ಸೈನಿಕರ ಮೇಲೆ ನಡೆದ ಪರೀಕ್ಷೆಯ ಫಲ 1950ರಲ್ಲಿ ಪ್ರಕಟವಾಯಿತು. ಪೆನಿಸಿಲಿನ್ ಪಡೆದವರಲ್ಲಿ ಕೀಲುವಾತ ಜ್ವರ ಬಹುಮಟ್ಟಿಗೆ ತಪ್ಪಿಹೋಗಿತ್ತು. ನೋವು ಆರಂಭವಾದ 9 ದಿನಗಳೊಳಗೆ ಔಷಧಿ ಮೊದಲಾದರೂ ಹೃದಯಕ್ಕೆ ರಕ್ಷೆ ದೊರೆಯುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಕಾಯಬಹುದೆಂದುದು ಈ ಕಾರಣದಿಂದಲೇ.

ಇಷ್ಟು ದಶಕಗಳಾದರೂ ಈ ರೋಗಾಣು ಪೆನಿಸಿಲಿನ್‌ಗೆ ಮಣಿಯುತ್ತಲೇ ಇದೆ ಎಂಬುದು ಸಮಾಧಾನದ ಸಂಗತಿ. ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಮಾತ್ರೆಯನ್ನು 10 ದಿನ ಸೇವಿಸಬೇಕು. ಇಲ್ಲವೇ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ಒಂದು ಸಲ ಪಡೆದರೆ ಸಾಕು. 27 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ 6 ಲಕ್ಷ ಯೂನಿಟ್, ಅದಕ್ಕೆ ಮೇಲ್ಪಟ್ಟವರಿಗೆ 12 ಲಕ್ಷ ಯೂನಿಟ್ ಅದರ ವಾಡಿಕೆಯ ಪ್ರಮಾಣ. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧಿಗಳುಂಟು. ಹಿಂದೆ ಎಂದಾದರೂ ಮೈಮೇಲೆ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಮನೆಗಳಲ್ಲಿ ತಪ್ಪು ನಡೆಯುವುದು ಸಾಮಾನ್ಯವಾಗಿ ಮೂರನೆಯ ದಿನ. ಜ್ವರ ಬಿಟ್ಟಿರುತ್ತದೆ, ಮಗು ಓಡಾಡುತ್ತಿರುತ್ತದೆ, 'ಇನ್ನೇಕೆ ಮಾತ್ರೆ?' ಎಂದು ಉಳಿದುದನ್ನು ಡಬ್ಬಿಯಲ್ಲಿ ತೆಗೆದಿಡುತ್ತಾರೆ. ನೋವು ಹೋದ ಮಾತ್ರಕ್ಕೆ ರೋಗಾಣು ನಾಶವಾಯಿತೆಂದು ಅರ್ಥವಲ್ಲ. ಹತ್ತು ದಿನಗಳ ಔಷಧಿ ಗಂಟಲಿಗಾಗಿ ಅಲ್ಲ, ಹೃದಯಕ್ಕಾಗಿ. ಡಬ್ಬಿಯಲ್ಲಿ ಉಳಿದ ಆ ಮಾತ್ರೆಗಳನ್ನು ಮುಂದೆ ತಂಗಿಯ ನೆಗಡಿಗೆ ಕೊಡುವುದು ಎರಡನೆಯ ತಪ್ಪು. ವೈರಸ್‌ನ ಮೇಲೆ ಈ ಔಷಧಿಗಳು ಏನೂ ಮಾಡಲಾರವು; ಅನವಶ್ಯಕ ಬಳಕೆಯಿಂದ ದೇಹದಲ್ಲಿರುವ ಇತರ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ.

ಮನೆಯ ಆರೈಕೆ

ಔಷಧಿ ಆರಂಭವಾಗಿ 24 ಗಂಟೆ ಕಳೆದು, ಜ್ವರವೂ ಬಿಟ್ಟ ಮೇಲೆ ಮಗುವನ್ನು ಶಾಲೆಗೆ ಕಳುಹಿಸಬಹುದು. ಅಲ್ಲಿಯವರೆಗೆ ಲೋಟ, ಚಮಚ, ಟವೆಲುಗಳನ್ನು ಬೇರೆಯಾಗಿಡಬೇಕು. ಗಂಜಿ, ಮೊಸರನ್ನ, ತಿಳಿಸಾರು, ಎಳನೀರು ಸುಲಭವಾಗಿ ಇಳಿಯುತ್ತವೆ. ಉಪ್ಪುನೀರಿನಿಂದ ಮುಕ್ಕಳಿಸುವುದರಿಂದ ಗಂಟಲಿಗೆ ಹಿತ. ಕಷಾಯವೂ ಹಿತವೇ, ಆದರೆ ಅದು ಪೆನಿಸಿಲಿನ್‌ಗೆ ಬದಲಾಗದು. ಜ್ವರಕ್ಕೆ ತೂಕಕ್ಕೆ ತಕ್ಕಂತೆ ಪ್ಯಾರಾಸಿಟಮಾಲ್ ಕೊಡಬಹುದು. ಮಕ್ಕಳಿಗೆ ಆಸ್ಪಿರಿನ್ ಸಲ್ಲದು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು.

ಮಗು ಎಂಜಲನ್ನೂ ನುಂಗಲಾರದೆ ಜೊಲ್ಲು ಸುರಿಸಿದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಾಟಕ್ಕೆ ಕಷ್ಟಪಟ್ಟರೆ, ಒಡನೆ ಆಸ್ಪತ್ರೆಗೆ ಒಯ್ಯಬೇಕು. ಗಂಟಲಲ್ಲಿ ಬೂದುಬಣ್ಣದ ಪೊರೆ ಅಂಟಿಕೊಂಡಿದ್ದರೆ ಅದು ಗಂಟಲಮಾರಿ ಇರಬಹುದು. ಲಸಿಕೆ ತಪ್ಪಿದ ಮಕ್ಕಳಲ್ಲಿ ಅದು ಇನ್ನೂ ಕಾಣಿಸಿಕೊಳ್ಳುವುದುಂಟು. ಬೇನೆ ವಾಸಿಯಾದ ವಾರಗಳಲ್ಲಿ ಬೆಳಗಿನ ಹೊತ್ತು ಮುಖ ಊದಿ, ಮೂತ್ರ ಚಹದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ತೊಂದರೆಯಾಗಿದೆಯೆಂದು ತಿಳಿದು ವೈದ್ಯರನ್ನು ಕಾಣಬೇಕು.

ಗಲಗ್ರಂಥಿಗಳನ್ನು ತೆಗೆಸಿಬಿಟ್ಟರೆ ಪೀಡೆ ತೊಲಗುವುದೇ ಎಂದು ಅನೇಕ ತಂದೆತಾಯಿಯರು ಕೇಳುತ್ತಾರೆ. ಒಂದೇ ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ವರ್ಷಕ್ಕೆ 5ರಂತೆ, ಅಥವಾ ಮೂರು ವರ್ಷ ವರ್ಷಕ್ಕೆ 3ರಂತೆ ತೀವ್ರ ಬೇನೆ ಮರುಕಳಿಸಿದಾಗ ಮಾತ್ರ ವೈದ್ಯರು ಆ ಮಾತನ್ನು ಯೋಚಿಸುತ್ತಾರೆ.

ಒಮ್ಮೆ ಕೀಲುವಾತ ಜ್ವರ ಬಂದ ಮಗುವಿನ ವಿಷಯ ಬೇರೆ. ಪ್ರತಿಯೊಂದು ಹೊಸ ಗಂಟಲು ಬೇನೆಯೂ ಕವಾಟದ ಮೇಲೆ ಹೊಸ ಪೆಟ್ಟಾಗಬಹುದಾದ್ದರಿಂದ, 3 ಅಥವಾ 4 ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಪಡೆಯಬೇಕಾಗುತ್ತದೆ. ಹೃದಯಕ್ಕೆ ಹಾನಿಯಾಗದವರಿಗೂ ಕಡೇಪಕ್ಷ 5 ವರ್ಷ, ಅಥವಾ 21 ವಯಸ್ಸು ತುಂಬುವವರೆಗೆ, ಯಾವುದು ಹೆಚ್ಚೋ ಅಷ್ಟು ಕಾಲ. ಹಾನಿಯಾದವರಿಗೆ ಇನ್ನೂ ದೀರ್ಘಕಾಲ. ಪರೀಕ್ಷೆ, ಮದುವೆ, ಊರಿನ ಜಾತ್ರೆಗಳ ಗಡಿಬಿಡಿಯಲ್ಲಿ ಆ ದಿನಾಂಕ ಮರೆತುಹೋಗುವುದು ಸುಲಭ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅದನ್ನೂ ಗುರುತು ಹಾಕಿಡುವುದು ಲೇಸು.