ದಿನಚರಿ ಬರೆಯುವ ಗುಮಾಸ್ತ

ಹಿಂದಿನ ನಾವಿಕರು ಮರದ ತುಂಡೊಂದನ್ನು ಹಗ್ಗಕ್ಕೆ ಕಟ್ಟಿ ಕಡಲಿಗೆಸೆದು, ಹಗ್ಗ ಬಿಚ್ಚಿಕೊಂಡ ಉದ್ದದಿಂದ ಹಡಗಿನ ವೇಗವನ್ನು ಅಳೆಯುತ್ತಿದ್ದರು. ಇಂಗ್ಲಿಷಿನಲ್ಲಿ ಆ ತುಂಡಿನ ಹೆಸರು ‘ಲಾಗ್’. ಅಳತೆಯನ್ನು ಬರೆದಿಡುವ ಪುಸ್ತಕಕ್ಕೂ ಅದೇ ಹೆಸರು ಅಂಟಿತು. ಇಂದು ಕಂಪ್ಯೂಟರಿನ ದಿನಚರಿಗೂ ಅದೇ ಹೆಸರು.

ಬ್ಯಾಂಕಿನ ಯಂತ್ರದಿಂದ ನೋಟು ಬಾರದೆ ಖಾತೆಯಲ್ಲಿ ಮಾತ್ರ ಹಣ ಕಳೆದಾಗ, ನಡೆದುದೇನೆಂದು ತಿಳಿಯಲು ಈ ದಿನಚರಿಯನ್ನೇ ತೆರೆಯಬೇಕು. ಅದನ್ನು ಬರೆಯುವ ಸಾಫ್ಟ್‌ವೇರನ್ನು, ಎಂದರೆ ಲಾಗಿಂಗ್ ಫ್ರೇಮ್‌ವರ್ಕನ್ನು, ಕಂಪನಿಗಳು ಸಾಮಾನ್ಯವಾಗಿ ತಾವೇ ರಚಿಸುವುದಿಲ್ಲ. ಗುಮಾಸ್ತನನ್ನು ನೇಮಿಸಿಕೊಂಡಂತೆ ಸಿದ್ಧವಾದುದನ್ನು ಆರಿಸಿಕೊಳ್ಳುತ್ತವೆ.

ಜಾವಾ ಭಾಷೆಯಲ್ಲಿ ಬರೆಯುವವರಿಗೆ ಬಹುಕಾಲ ಆ ಗುಮಾಸ್ತನೆಂದರೆ ‘ಲಾಗ್ ಫೋರ್ ಜೆ’. ಸಂಬಳವಿಲ್ಲ, ಸಾಮಾನ್ಯ ಸಂಗತಿ, ಎಚ್ಚರಿಕೆ, ದೋಷವೆಂದು ವಿಂಗಡಿಸಿ ಬೇಕಾದಷ್ಟನ್ನೇ ಬರೆಯುವ ಜಾಣತನ ಬೇರೆ. 2002ರಲ್ಲಿ ಜಾವಾ ತನ್ನದೇ ವ್ಯವಸ್ಥೆಯನ್ನು ತಂದರೂ ಈತನ ಬೇಡಿಕೆ ಕುಗ್ಗಲಿಲ್ಲ. ಈತನ ಮೂಲಕರ್ತರಾದ ಜೆಕಿ ಗುಲ್ಜು ಅವರೇ ಮುಂದೆ ‘ಲಾಗ್‌ಬ್ಯಾಕ್’ ಎಂಬ ಇನ್ನೊಬ್ಬನನ್ನೂ, ‘ಎಸ್‌ಎಲ್‌ಎಫ್ ಫೋರ್ ಜೆ’ ಎಂಬ ಮಧ್ಯವರ್ತಿಯನ್ನೂ ರಚಿಸಿದರು. ಮಧ್ಯವರ್ತಿ ತಾನೇನೂ ಬರೆಯನು. ಹೇಳಿದುದನ್ನು ಹಿಂದೆ ಕುಳಿತವನಿಗೆ ದಾಟಿಸುವನು, ಅಷ್ಟೆ. ಇಂತಹವನೇಕೆ ಬೇಕೆಂದು ಅನೇಕರು ಕೇಳಿದ್ದುಂಟು.

ಉತ್ತರ ದೊರೆತದ್ದು 2021ರ ಡಿಸೆಂಬರಿನಲ್ಲಿ. ಲಾಗ್ ಫೋರ್ ಜೆಯ ಎರಡನೆಯ ಆವೃತ್ತಿಗೆ 2013ರಲ್ಲಿ ಒಂದು ಸೌಕರ್ಯ ಸೇರಿತ್ತು: ಬರೆಯುವ ಸಾಲಿನಲ್ಲಿ ಒಂದು ಬಗೆಯ ಸಂಕೇತವಿದ್ದರೆ, ಅದು ತೋರಿದ ದೂರದ ಕಂಪ್ಯೂಟರಿನಿಂದ ಸಂಗತಿಯನ್ನು ತರಿಸಿಕೊಳ್ಳುವುದು. ಬರೆದುಕೊಳ್ಳೆಂದರೆ ಹೇಳಿದಂತೆ ಮಾಡಲು ಹೊರಟ ಗುಮಾಸ್ತ! ‘ಮೈನ್‌ಕ್ರಾಫ್ಟ್’ ಆಟದ ಹರಟೆಯಲ್ಲಿ ಅಂತಹ ಒಂದು ಸಾಲು ಟೈಪು ಮಾಡಿದರೆ, ಅಪರಿಚಿತನೊಬ್ಬ ಎಲ್ಲಿಯೋ ಇರುವ ಯಂತ್ರವನ್ನು ವಶಪಡಿಸಿಕೊಳ್ಳಬಹುದಾಗಿತ್ತು. ತಜ್ಞರು ಈ ದೋಷದ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟರು.

ಮೊದಲ ಆವೃತ್ತಿಯಲ್ಲೇ ಉಳಿದಿದ್ದವರು ತಮ್ಮಲ್ಲಿ ಈ ದೋಷವಿಲ್ಲವೆಂದು ನಿಟ್ಟುಸಿರಿಟ್ಟರು. ಅದರ ಪಾಲನೆ 2015ರಲ್ಲೇ ನಿಂತುಹೋದುದನ್ನು ಮಾತ್ರ ಮರೆತಂತಿತ್ತು. ಮಧ್ಯವರ್ತಿಯನ್ನು ಇಟ್ಟುಕೊಂಡಿದ್ದವರಿಗೆ, ತಮ್ಮ ಬರವಣಿಗೆಯ ಸಾಲುಗಳನ್ನು ಮುಟ್ಟದೆ ಹಿಂದಿನವನನ್ನು ಬದಲಿಸುವ ದಾರಿಯಿತ್ತು. ಉಳಿದವರ ಪಾಡು ಹೇಳತೀರದು. ಎರವಲು ತಂದ ಸಾಫ್ಟ್‌ವೇರಿನೊಳಗೆ, ಅದರೊಳಗಿನ ಇನ್ನೊಂದರೊಳಗೆ, ಈತ ಎಲ್ಲಿ ಕುಳಿತಿದ್ದಾನೆಂದೇ ಅನೇಕ ಕಂಪನಿಗಳಿಗೆ ತಿಳಿದಿರಲಿಲ್ಲ. ನೇಮಕದ ದಿನ ಎಷ್ಟು ವೇಗವಾಗಿ ಬರೆಯುವನೆಂದು ಕೇಳಿದ್ದರು. ಬೇಡವಾದಾಗ ಕಳಿಸುವುದು ಹೇಗೆಂದು ಕೇಳಿರಲಿಲ್ಲ.

ಆ ಒಂದೇ ತಿಂಗಳಿನಲ್ಲಿ ತಿದ್ದುಪಡಿಗೆ ತಿದ್ದುಪಡಿ ಹೊರಟಿತು. ಅವನ್ನು ಸಿದ್ಧಪಡಿಸಿದವರು ಬೆರಳೆಣಿಕೆಯ ಸ್ವಯಂಸೇವಕರು.